ಅಕ್ಕನನ್ನು ನೋಡಲು ಅಪ್ಪಣೆ

ಅಮೆರಿಕದಲ್ಲಿ ಏಳು ವಾರ ಇದ್ದು ನಯಾಗರ ನೋಡದೆ ಬಂದೆ ಎಂದರೆ ತಿಪಟೂರಿನಲ್ಲಿ ಯಾರೂ ನಂಬುವುದಿಲ್ಲ. ಬೆಳಗಿನ ವಾಕಿಂಗಿನ ಗೆಳತಿಯರು ಫೋಟೊ ತೋರಿಸಿ ಎಂದು ನನ್ನ ಮೊಬೈಲನ್ನೇ ಕಸಿದುಕೊಂಡರು. ಅದರಲ್ಲಿದ್ದದ್ದು ಒಂದು ಅಂಚೆ ಪೆಟ್ಟಿಗೆ, ಒಂದು ಸರ್ಕಾರಿ ಕಚೇರಿಯ ಸೂಚನಾ ಫಲಕ, ಬೀಗ ಬದಲಾಯಿಸಿದ ಒಂದು ಬಾಗಿಲು. "ಇದೇನ್ರೀ, ಅಲ್ಲೂ ಇನ್‌ಸ್ಪೆಕ್ಷನ್ ಮಾಡ್ಕೊಂಡು ಬಂದ್ರಾ?" ಎಂದು ನಕ್ಕರು. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು, ತಾಲ್ಲೂಕು ಕಚೇರಿಯ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಅವರು ನಕ್ಕದ್ದರಲ್ಲಿ ತಪ್ಪೇನಿಲ್ಲ.

ನಾನು ಹೋದದ್ದು ಅಕ್ಕನನ್ನು ಮನೆಗೆ ಕರೆತರಲು. ತಿಪಟೂರಿಗಲ್ಲ, ಅಲ್ಲಿಯೇ ಇರುವ ಅವಳ ಸ್ವಂತ ಮನೆಗೆ. ಲಲಿತಕ್ಕನಿಗೆ ಎಪ್ಪತ್ತಾರು. ನ್ಯೂಜೆರ್ಸಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜೀವಮಾನವೆಲ್ಲ ಊರವರ ರಕ್ತ ಪರೀಕ್ಷೆ ಮಾಡಿದವಳು. ಮಕ್ಕಳಿಲ್ಲ, ಭಾವ ತೀರಿಕೊಂಡು ಎಂಟು ವರ್ಷವಾಯಿತು. ಒಬ್ಬಳೇ ಇದ್ದಳು, ಮತ್ತು ಚೆನ್ನಾಗಿಯೇ ಇದ್ದಳು. ಕಾರು ಓಡಿಸುತ್ತಿದ್ದಳು, ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬೆಳೆಯುತ್ತಿದ್ದಳು, ಭಾನುವಾರ ತಪ್ಪದೆ ಫೋನು ಮಾಡಿ ನನ್ನ ಮಧುಮೇಹದ ಬಗ್ಗೆ ಬೈಯುತ್ತಿದ್ದಳು. ಕಳೆದ ಸೂರ್ಯಗ್ರಹಣದ ನಂತರದ ಭಾನುವಾರ ಫೋನು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅವಳನ್ನು ಎಲ್ಲಿಗೋ ಸೇರಿಸಿದ್ದಾರೆ ಎಂಬಷ್ಟು ಮಾತ್ರ ಭಾವನ ಕಡೆಯವರಿಂದ ತಿಳಿದು, ನಾನು ಹೊರಡಲು ಅನುವಾಗುವಷ್ಟರಲ್ಲಿ ಐದು ತಿಂಗಳಾಗಿತ್ತು.

ಅವಳ ಊರು ಎಡಿಸನ್‌ನಿಂದ ಅರ್ಧ ಗಂಟೆಯ ದಾರಿ. ಹೆಸರು ಬರೆಯುವುದಿಲ್ಲ, ಪ್ರಕರಣ ಇನ್ನೂ ಮುಗಿದಿಲ್ಲ. ಇತ್ಯರ್ಥವಾಗದ ಕಡತದ ಬಗ್ಗೆ ಬಾಯಿ ಬಿಡಬಾರದು ಎಂಬುದು ನನ್ನ ಹಳೆಯ ಪಾಠ. ಅದನ್ನು ಇಷ್ಟು ಮುರಿಯುತ್ತಿರುವುದೇ ಹೆಚ್ಚು.

ಅಕ್ಕನ ಮನೆ

ವಿಮಾನ ಇಳಿದ ಮರುದಿನವೇ ಶಶಿಕಲಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಇವಳು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳು, ಹುಬ್ಬಳ್ಳಿಯವಳು, ಎಡಿಸನ್‌ನಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಅಪ್ಪ ಹೇಳಿದರೆಂಬ ಒಂದೇ ಕಾರಣಕ್ಕೆ, ಮುಖ ನೋಡಿರದ ನನ್ನನ್ನು ಏಳು ವಾರ ಇಟ್ಟುಕೊಂಡಳು.

ನನ್ನ ಹತ್ತಿರ ಕೀಲಿಕೈ ಇತ್ತು. ಭಾವ ತೀರಿಕೊಂಡಾಗ ಒಮ್ಮೆ ಹೋಗಿದ್ದೆ, ಹೊರಡುವ ದಿನ ಅಕ್ಕ "ಇದು ನಿಂದೂ ಮನೆ ಕಣೆ, ಇಟ್ಕೊ" ಎಂದು ಕೈಗೆ ಹಾಕಿದ್ದಳು. ಎಂಟು ವರ್ಷ ಗಾಡ್ರೇಜ್ ಬೀರುವಿನಲ್ಲಿ ಬಂಗಾರದ ಜೊತೆ ಇಟ್ಟಿದ್ದೆ. ಅದು ಬೀಗದೊಳಗೆ ಹೋಗಲೇ ಇಲ್ಲ. ಶಶಿಕಲಾ ಬಗ್ಗಿ ನೋಡಿ, "ಆಂಟಿ, ಕೀಲಿ ಬದಲ ಮಾಡ್ಯಾರ್ರಿ," ಅಂದಳು. ಗಾಜಿನ ಒಳಗಿನಿಂದ ಅಂಟಿಸಿದ ಒಂದು ಹಾಳೆಯಲ್ಲಿ, ಕೋರ್ಟು ನೇಮಿಸಿದ ಗಾರ್ಡಿಯನ್ನನ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಬರಕೂಡದು ಎಂದಿತ್ತು. ನಮ್ಮಲ್ಲಿ ತಂದೆತಾಯಿ ಇಲ್ಲದ ಮಕ್ಕಳಿಗೆ ನ್ಯಾಯಾಲಯ ಪೋಷಕರನ್ನು ನೇಮಿಸುತ್ತದೆ. ಅಲ್ಲಿ ಎಪ್ಪತ್ತಾರರ ಹೆಂಗಸಿಗೂ ನೇಮಿಸಬಹುದು ಎಂದು ನನಗೆ ಗೊತ್ತಾದದ್ದು ಆ ಹೊಸಿಲ ಮೇಲೆ.

ರಸ್ತೆಬದಿಯ ಅಂಚೆ ಪೆಟ್ಟಿಗೆಯ ಬಾಯಿ ಮುಚ್ಚದಷ್ಟು ಕಾಗದ ತುಂಬಿತ್ತು. ಮಳೆಗೆ ನೆನೆದು ಒಣಗಿ ಉಬ್ಬಿದ ಲಕೋಟೆಗಳಲ್ಲಿ ಒಂದರ ಮೇಲೆ ಕೋರ್ಟಿನ ವಿಳಾಸವಿತ್ತು. ಕೈ ಹಾಕಲು ಹೋದೆ. "ಮುಟ್ಟಬ್ಯಾಡ್ರಿ ಆಂಟಿ! ಇಲ್ಲೆ ಬ್ಯಾರೇದವ್ರ ಟಪಾಲ ತಗದ್ರ ಫೆಡರಲ್ ಕೇಸ ಆಗ್ತೈತಿ," ಎಂದು ಶಶಿಕಲಾ ಕೈ ಹಿಡಿದುಕೊಂಡಳು. ಆಮೇಲೆ ವಕೀಲರಿಂದ ತಿಳಿಯಿತು, ಅದು ಅಕ್ಕನಿಗೇ ಬರೆದದ್ದು. ನಿಮಗೆ ಗಾರ್ಡಿಯನ್ ನೇಮಿಸುತ್ತಿದ್ದೇವೆ, ಆಕ್ಷೇಪಣೆ ಇದ್ದರೆ ಬಂದು ಹೇಳಿ ಎಂಬ ನೋಟಿಸು. ಅಕ್ಕನನ್ನು ಮನೆಯಿಂದ ಒಯ್ದು, ಬೀಗ ಬದಲಾಯಿಸಿ, ಆ ಮನೆಗೇ ನೋಟಿಸು ಕಳಿಸಿದ್ದರು. ಸತ್ತವನ ಬಾಗಿಲಿಗೆ ನೋಟಿಸು ಅಂಟಿಸಿ 'ಜಾರಿಯಾಗಿದೆ' ಎಂದು ಷರಾ ಬರೆದ ಗ್ರಾಮಲೆಕ್ಕಿಗರನ್ನು ನಾನು ಬಲ್ಲೆ. ಅಷ್ಟು ದೂರ ಹೋಗಿ ಸ್ವಜಾತಿಯವರನ್ನೇ ಕಂಡಂತಾಯಿತು, ಸಂತೋಷವಂತೂ ಆಗಲಿಲ್ಲ.

ಪಕ್ಕದ ಮನೆ

ನಾವು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಪಕ್ಕದ ಮನೆಯ ಕ್ಯಾಥಿ ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ, ದಪ್ಪನೆಯ, ಒಳ್ಳೆಯ ಹೆಂಗಸು. ನಾನು ಲಲಿತಳ ತಂಗಿ ಎಂದ ಕೂಡಲೇ ಅಳಲು ಶುರುಮಾಡಿದಳು. ಅವಳ ಅಡುಗೆಮನೆಯಲ್ಲಿ ಕೂತು ನಾನು ಆ ದಿನದ ಕಥೆ ಕೇಳಿದೆ.

ಗ್ರಹಣ ಅಲ್ಲಿಯವರಿಗೆ ಹಬ್ಬ. ಶಾಲೆಗಳು ಬೇಗ ಬಿಟ್ಟಿದ್ದುವಂತೆ, ಜನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಕ್ಯಾಥಿ ಅಕ್ಕನಿಗೆಂದು ಕಪ್ಪು ಕನ್ನಡಕ ಒಂದನ್ನು ಹೆಚ್ಚಿಗೆ ತಂದಿದ್ದಳು. ಕೊಡಲು ಹೋದರೆ ಕಿಟಕಿಗಳಿಗೆಲ್ಲ ಹೊದಿಕೆ ಹೊಚ್ಚಿದೆ, ಗಂಟೆ ಒತ್ತಿದರೆ ಉತ್ತರವಿಲ್ಲ, ಫೋನು ಎತ್ತುತ್ತಿಲ್ಲ. ಸಂದಿಯಿಂದ ಇಣುಕಿದಾಗ ಕತ್ತಲಲ್ಲಿ ನೆಲದ ಮೇಲೆ ಕೂತ ಒಂದು ಆಕೃತಿ ಮಾತ್ರ ಕಂಡಿತು. ಗಾಬರಿಯಾಗಿ ಪೊಲೀಸರನ್ನು ಕರೆದಳು.

ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನದು ರೇವತಿ ನಕ್ಷತ್ರ, ಗ್ರಹಣ ಹಿಡಿದದ್ದೂ ರೇವತಿಯಲ್ಲೇ. ನಮ್ಮ ದೇಶಕ್ಕೆ ಕಾಣದ ಗ್ರಹಣವಾದ್ದರಿಂದ ನಮ್ಮ ಪಂಚಾಂಗದಲ್ಲಿ ಆಚರಣೆ ಇರಲಿಲ್ಲ. ಅವಳು ನನಗೆ ಫೋನು ಮಾಡಿ ಕೇಳಿದಳು. ನಾನು ಪುರೋಹಿತರನ್ನು ವಿಚಾರಿಸಿ ಎಲ್ಲವನ್ನೂ ಬರೆಸಿಕೊಂಡು ಓದಿ ಹೇಳಿದೆ: ಹಿಂದಿನ ರಾತ್ರಿಯಿಂದ ಉಪವಾಸ, ಬೇಯಿಸಿದ್ದೆಲ್ಲ ಚೆಲ್ಲು, ಹಿಡಿದಾಗ ಒಂದು ಸ್ನಾನ, ಬಿಟ್ಟಾಗ ಒಂದು ಸ್ನಾನ, ಎರಡೂ ಉಟ್ಟ ಬಟ್ಟೆಯಲ್ಲೇ, ನಡುವೆ ಮೌನವಾಗಿ ಜಪ. "ನಿನ್ನ ನಕ್ಷತ್ರಕ್ಕೇ ಬಂದಿದೆ, ಸಡಿಲ ಬಿಡಬೇಡ ಅಕ್ಕ," ಎಂದು ಒತ್ತಿ ಹೇಳಿದವಳು ನಾನೇ.

ಅವಳು ಸಡಿಲ ಬಿಡಲಿಲ್ಲ. ಪೊಲೀಸರು ಒಳಗೆ ಬಂದಾಗ ಒದ್ದೆ ಸೀರೆಯಲ್ಲಿ ಚಳಿಗೆ ನಡುಗುತ್ತ ಕೂತಿದ್ದಳು. ಫ್ರಿಜ್ಜು ಖಾಲಿ. ಹೆಸರು ಕೇಳಿದರೆ ಉತ್ತರಿಸದೆ, ತಡೆಯಿರಿ ಎಂದು ಕೈಸನ್ನೆ ಮಾಡಿದಳು. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಸೂಪು ಕೊಟ್ಟರೆ, ಮೊದಲು ಸ್ನಾನವಾಗಬೇಕು ಎಂದು ಹಟ ಹಿಡಿದಳು. ಆಸ್ಪತ್ರೆಯವರು ಬರೆದುಕೊಂಡರು: ಆಹಾರ ನಿರಾಕರಿಸುತ್ತಾಳೆ, ಸ್ನಾನದ ಗೀಳಿದೆ, ಮನೆಯಲ್ಲಿ ತಿನ್ನಲು ಏನೂ ಇಲ್ಲ. ಅಲ್ಲಿಂದ ಕೌಂಟಿ ಕಚೇರಿಗೆ, ಎಂದರೆ ನಮ್ಮ ಜಿಲ್ಲಾಡಳಿತದಂಥದ್ದಕ್ಕೆ, ವರದಿ ಹೋಯಿತು. ಕೆಲವೇ ವಾರಗಳಲ್ಲಿ ಕೋರ್ಟು ಒಬ್ಬ ತಾತ್ಕಾಲಿಕ ಗಾರ್ಡಿಯನ್ನನನ್ನು ನೇಮಿಸಿತು. ಅಕ್ಕ ಎಲ್ಲಿರಬೇಕು, ಏನು ತಿನ್ನಬೇಕು, ಯಾರನ್ನು ನೋಡಬೇಕು ಎಂಬುದೆಲ್ಲ ಇನ್ನು ಅವನ ಕೈಯಲ್ಲಿ. ಅವನು ಅವಳನ್ನು ಒಂದು ನರ್ಸಿಂಗ್ ಹೋಮಿಗೆ, ಎಂದರೆ ನಮ್ಮ ವೃದ್ಧಾಶ್ರಮದಂಥದ್ದಕ್ಕೆ, ಸೇರಿಸಿದ್ದ.

ಕ್ಯಾಥಿ ಕನ್ನಡಕವನ್ನು ಇನ್ನೂ ಇಟ್ಟುಕೊಂಡಿದ್ದಳು. ಅವಳು ಕರೆದದ್ದೂ ತಪ್ಪಲ್ಲ, ಪೊಲೀಸರು ಬಂದದ್ದೂ ತಪ್ಪಲ್ಲ. ಚಳಿಯಲ್ಲಿ ನಡುಗುವ ಮುದುಕಿಯನ್ನು ಬಿಟ್ಟು ಹೋಗಿದ್ದರೆ ಅದನ್ನೂ ನಾನೇ ಬೈಯುತ್ತಿದ್ದೆ. ಆದರೆ ಒಂದು ಮಧ್ಯಾಹ್ನಕ್ಕೆ ಬಂದ ಸರ್ಕಾರ ಐದು ತಿಂಗಳಾದರೂ ಮನೆಯಿಂದ ಹೊರಗೆ ಹೋಗಿರಲಿಲ್ಲ.

ಕೌಂಟಿ ಕಚೇರಿ

ಅಕ್ಕನನ್ನು ನೋಡಲು ನನಗೆ ಹನ್ನೆರಡು ದಿನ ಹಿಡಿಯಿತು. ನರ್ಸಿಂಗ್ ಹೋಮಿನವರು ಗಾರ್ಡಿಯನ್ನನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದರು. ಗಾರ್ಡಿಯನ್ನನ ಆಫೀಸಿನವರು ಕೌಂಟಿಯಿಂದ ಪತ್ರ ತನ್ನಿ ಎಂದರು. ಕೌಂಟಿಯವರು ಅದು ಗಾರ್ಡಿಯನ್ನನ ವಿವೇಚನೆ ಎಂದರು. ಇದು ನನಗೆ ಹೊಸದಲ್ಲ. ನಮ್ಮ ಕಚೇರಿಯಲ್ಲಿ ರೈತನನ್ನು ಸರ್ವೆಗೆ, ಸರ್ವೆಯಿಂದ ನಾಡಕಚೇರಿಗೆ, ಅಲ್ಲಿಂದ ಮತ್ತೆ ನನ್ನ ಮೇಜಿಗೆ ತಿರುಗಿಸಿದ ಪುಣ್ಯ ನನ್ನ ಖಾತೆಯಲ್ಲೂ ಇದೆ.

ಒಂದು ವ್ಯತ್ಯಾಸ ಮಾತ್ರ ಇತ್ತು. ನಮ್ಮಲ್ಲಿ ಜನ ಕೂಗಾಡುತ್ತಾರೆ, ಗುಮಾಸ್ತ ತಿರುಗಿ ಕೂಗುತ್ತಾನೆ, ಜವಾನ ನಡುವೆ ಬಂದು ಟೀ ಕುಡಿಸುತ್ತಾನೆ, ಅಷ್ಟರಲ್ಲಿ ಎಲ್ಲೋ ಒಂದು ಕಾಗದ ಅಲುಗುತ್ತದೆ. ಅಲ್ಲಿ ಯಾರೂ ಕೂಗುವುದಿಲ್ಲ. ಗಾಜಿನ ಹಿಂದಿನ ಹುಡುಗಿ ನನ್ನ ಸ್ವೆಟರ್ ಚೆನ್ನಾಗಿದೆ ಎಂದಳು, ಏನೂ ಮಾಡಲಾಗುವುದಿಲ್ಲ ಎಂದಳು, ದಿನ ಶುಭವಾಗಲಿ ಎಂದಳು, ಮೂರನ್ನೂ ಒಂದೇ ದನಿಯಲ್ಲಿ. ಜಗಳವಾಡಲಾದರೂ ಒಬ್ಬ ಮನುಷ್ಯ ಬೇಡವೇ? ಇಡೀ ಕಟ್ಟಡದಲ್ಲಿ ನನಗೆ ಒಬ್ಬನೂ ಸಿಗಲಿಲ್ಲ. ತಾಲ್ಲೂಕು ಕಚೇರಿ ನೆನಪಾಗಿ ಕಣ್ಣಲ್ಲಿ ನೀರು ಬರುವ ದಿನ ನನ್ನ ಬಾಳಿನಲ್ಲಿ ಬರುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಎಡಿಸನ್‌ನಲ್ಲಿ ಕಾರಿಲ್ಲದವರು ಕಾಲಿಲ್ಲದವರಿದ್ದಂತೆ. ಶಶಿಕಲಾ ಮೀಟಿಂಗಿನಲ್ಲಿರುವಾಗ ನಾನು ಅವಳ ಮನೆಯ ಸುತ್ತ ನಡೆಯುತ್ತಿದ್ದೆ. ರಸ್ತೆಯುದ್ದಕ್ಕೂ ಪಟೇಲರ ಅಂಗಡಿ, ದೋಸೆ ಹೋಟೆಲು, ಸೀರೆ ಅಂಗಡಿ, ಎಲ್ಲ ನಮ್ಮವರೇ. ಆದರೂ ದಿನಕ್ಕೆ ಒಂದು ಮಾತು ಆಡದೆ ಮನೆಗೆ ಬಂದ ದಿನಗಳಿವೆ. ನಮ್ಮ ಮುಖದ ನೂರು ಜನ ಎದುರಿಗೆ ಬಂದು, ಒಬ್ಬರೂ 'ಯಾವಾಗ ಬಂದ್ರಿ' ಎಂದು ಕೇಳದೆ ಹೋಗುವುದು ಬೇರೆಯೇ ಒಂದು ಒಂಟಿತನ.

ನರ್ಸಿಂಗ್ ಹೋಮ್

ಹದಿಮೂರನೆಯ ದಿನ ಅಪ್ಪಣೆ ಬಂತು. ಕೋರ್ಟು ಅಕ್ಕನ ಪರವಾಗಿ ನೇಮಿಸಿದ್ದ ವಕೀಲೆ ಡಯಾನ್ ಅದನ್ನು ಕೊಡಿಸಿದಳು. ಇಂಥ ಎಷ್ಟೋ ಕೇಸುಗಳ ಹೊರೆ ಹೊತ್ತು ಸದಾ ಓಡುತ್ತಲೇ ಮಾತಾಡುವ ಹೆಂಗಸು. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ನರ್ಸಿಂಗ್ ಹೋಮಿನ ಒಬ್ಬರು ಜೊತೆಗಿರಬೇಕು. ಕೊನೆಯ ಷರತ್ತನ್ನು ನಾನು ಎರಡು ಸಲ ಓದಿದೆ. ನಾನು ಅಕ್ಕನ ಮನಸ್ಸು ಕೆಡಿಸುವ ಸಂಭವ ಇರುವುದರಿಂದ, ಜೊತೆಗಿರುವವರಿಗೆ ಅರ್ಥವಾಗುವಂತೆ ನಾವು ಇಂಗ್ಲಿಷಿನಲ್ಲೇ ಮಾತಾಡಬೇಕು.

ಕಾಫಿ ಬಣ್ಣದ ಸೋಫಾಗಳಿದ್ದ ಒಂದು ಕೋಣೆಗೆ ಅಕ್ಕನನ್ನು ಕರೆತಂದರು. ನಾನು ಅವಳ ಹಿಂದೆ ಬೇರೆ ಯಾರಾದರೂ ಬರುತ್ತಾರೇನೋ ಎಂದು ನೋಡಿದೆ. ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಬೂದು ಬಣ್ಣದ ಪ್ಯಾಂಟು ಹಾಕಿದ್ದಳು. ನಮ್ಮ ಮನೆಯಲ್ಲಿ ಮೊಣಕಾಲಿಗೆ ಮುಟ್ಟುವ ಜಡೆ ಇದ್ದದ್ದು ಅವಳೊಬ್ಬಳಿಗೇ.

ಆಗ ನಾನು ಆಡಿದ ಮಾತು ಇದು: "ಹೌ ಆರ್ ಯು, ಲಲಿತಾ?" ಅಕ್ಕ ಎನ್ನುವುದಕ್ಕೂ ಹೆದರಿ ಅವಳನ್ನು ಜೀವನದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದೆ.

"ಐ ಆಮ್ ಫೈನ್," ಎಂದಳು. "ಯು ಬಿಕೇಮ್ ಥಿನ್."

ಅವಳ ಇಂಗ್ಲಿಷಿಗೆ ಕುಂದಿಲ್ಲ, ಐವತ್ತು ವರ್ಷ ಅಲ್ಲಿ ಬಾಳಿದವಳು. ನನ್ನ ಇಂಗ್ಲಿಷು ಮಾತ್ರ ಕಚೇರಿಯದು, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗುವಂಥದ್ದು. 'ಕೈಂಡ್ಲಿ ಟೇಕ್ ಯುವರ್ ಫುಡ್' ಎಂದೆ. 'ಪ್ಲೀಸ್ ಡು ನಾಟ್ ವರಿ' ಎಂದೆ. ಎದೆಯಲ್ಲಿ ಕಟ್ಟಿಕೊಂಡದ್ದು ಯಾವುದೂ ಆ ಭಾಷೆಯಲ್ಲಿ ಹೊರಗೆ ಬರಲಿಲ್ಲ. ಸಸ್ಯಾಹಾರಿ ಎಂದು ಬರೆಸಿದರೂ ವಾರಕ್ಕೊಮ್ಮೆ ಮೀನು ಬರುತ್ತದೆ, ಬ್ರೆಡ್ಡು, ಮೊಸರು, ಬಾಳೆಹಣ್ಣಿನಲ್ಲಿ ಕಳೆಯುತ್ತಿದ್ದೇನೆ ಎಂದು ಅಕ್ಕ ದೂರು ಹೇಳುವವಳಂತಲ್ಲ, ಬಸ್ಸಿನ ವೇಳಾಪಟ್ಟಿ ಹೇಳುವವಳಂತೆ ಹೇಳಿದಳು. ಕೂದಲು ಯಾಕೆ ಎಂದೆ. "ಈಸಿಯರ್ ಫಾರ್ ದೆಮ್," ಎಂದಳು.

ಜೊತೆಗಿದ್ದವಳ ಹೆಸರು ರೋಸ್, ಆಫ್ರಿಕಾದ ಘಾನಾ ದೇಶದವಳು. ಪಾಪ, ಆ ಅರ್ಧ ಗಂಟೆಯೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಹೊರಡುವಾಗ, ತನ್ನ ಅಕ್ಕನೂ ಊರಿನಲ್ಲಿದ್ದಾಳೆ ಎಂದು ಮೆಲ್ಲಗೆ ಹೇಳಿದಳು.

ಮೂರನೆಯ ಭೇಟಿಯಲ್ಲಿ ಅಕ್ಕ ಕುಂಟುತ್ತ ಬಂದಳು. ನಾನು ತಡೆಯಲಾರದೆ "ಕಾಲಿಗೇನಾಯ್ತು ಅಕ್ಕ?" ಎಂದುಬಿಟ್ಟೆ. "ಏನಿಲ್ಲ ಕಣೆ, ಉಳುಕಿದೆ," ಎಂದು ಅವಳ ಬಾಯಿಂದಲೂ ಬಂದುಬಿಟ್ಟಿತು. ಎಷ್ಟು ಹಗುರವಾಯಿತೆಂದರೆ ಇಬ್ಬರೂ ನಕ್ಕೆವು. ಅಷ್ಟರಲ್ಲಿ ಮೇಲ್ವಿಚಾರಕಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಎರಡು ಭೇಟಿ ರದ್ದಾದುವು. ಅಕ್ಕನಿಗೂ ಏನೋ ಹೇಳಿದರೆಂದು ಕಾಣುತ್ತದೆ, ಅದನ್ನು ಅವಳು ನನಗೆ ಕೊನೆಯವರೆಗೂ ಹೇಳಲಿಲ್ಲ.

ಜೆರಿಕೋ

ಭೇಟಿ ಇಲ್ಲದ ಆ ವಾರ ನಾನು ಮುರಳಿಯನ್ನು ನೋಡಲು ಹೋದೆ. ಅವನು ಭಾವನ ಅಕ್ಕನ ಮಗ, ಹೃದಯದ ಡಾಕ್ಟರು, ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಮನೆ. ಆಸ್ಪತ್ರೆಯ ದಾಖಲೆಯಲ್ಲಿ ತುರ್ತಿಗೆ ಯಾರನ್ನು ಕರೆಯಬೇಕು ಎಂಬಲ್ಲಿ ಅಕ್ಕ ಅವನ ಹೆಸರು ಬರೆದಿದ್ದಳು.

ಎಡಿಸನ್‌ನಿಂದ ನ್ಯೂಯಾರ್ಕಿಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಮೊದಲನೆಯದರಲ್ಲಿ 'ಕ್ವಯಟ್' ಎಂದು ಬರೆದ ಡಬ್ಬಿಗೆ ಹತ್ತಿಬಿಟ್ಟೆ. ಅಲ್ಲಿ ಮಾತಾಡಬಾರದಂತೆ. ನಾನು ಶಶಿಕಲಾಗೆ ಫೋನಿನಲ್ಲಿ "ಕೂತೆ ಕಣಮ್ಮ" ಎಂದದ್ದಕ್ಕೆ ನಾಲ್ಕು ಜನ ತಿರುಗಿ ನೋಡಿದರು. ಈ ದೇಶದಲ್ಲಿ ನಾನು ಕನ್ನಡ ಮಾತಾಡಿದಾಗಲೆಲ್ಲ ಏನಾದರೊಂದು ನಿಯಮ ಮುರಿಯುತ್ತದೆ ಎಂದುಕೊಂಡು ಬಾಯಿ ಮುಚ್ಚಿ ಕೂತೆ.

ಮುರಳಿಯ ಮಗಳು ಬಾಗಿಲು ತೆರೆದು, "ಡ್ಯಾಡ್ಸ್ ಆನ್ ಎ ಕಾಲ್," ಎಂದು ಹೇಳಿ ಮೇಲೆ ಹೋದಳು. ಮುರಳಿ ಬಂದ, ಕಾಲಿಗೆ ನಮಸ್ಕಾರ ಮಾಡಿದ, ಎದುರಿಗೆ ಕೂತ.

"ಆಂಟಿ, ಇಲ್ಲಿ ಸಿಸ್ಟಮ್ ಚೆನ್ನಾಗೇ ಇದೆ. ಪ್ರೊಫೆಷನಲ್ಸ್ ನೋಡ್ಕೋತಾರೆ. ವೀ ಹ್ಯಾವ್ ಟು ಟ್ರಸ್ಟ್ ದಿ ಪ್ರೊಸೆಸ್."

"ನೀನು ಹೋಗಿ ನೋಡಿದ್ಯಾ?"

"ಕೌಂಟಿಯಿಂದ ಕಾಲ್ ಬಂದಿತ್ತು. ಆ ವೀಕ್ ನಾನು ಆನ್‌ಕಾಲ್ ಇದ್ದೆ. ಆಮೇಲೆ ಒಂದು ಫಾರ್ಮ್ ಇ-ಮೇಲ್ ಮಾಡಿದ್ರು. ಗಾರ್ಡಿಯನ್ ನೇಮಿಸೋಕೆ ನೋ ಅಬ್ಜೆಕ್ಷನ್ ಅಂತ ಒಂದು ಬಾಕ್ಸ್ ಇತ್ತು. ಟಿಕ್ ಮಾಡ್ದೆ."

"ಪೂರ್ತಿ ಓದಿದ್ಯಾ?"

"ಪೇಷೆಂಟ್ಸ್ ನಡುವೆ ಫೋನಲ್ಲೇ ಮಾಡಿದ್ದು ಆಂಟಿ," ಎಂದ. ನನಗೆ ಅವನ ಕೆನ್ನೆಗೆ ಬಿಗಿಯಬೇಕೆನ್ನಿಸಿತು. ಅವನ ಹೆಂಡತಿ ಉಪ್ಪಿಟ್ಟು ತಂದಿಟ್ಟಳು. ತಿಂದೆ, ಹಸಿವಾಗಿತ್ತು. ಗ್ರಹಣದ ದಿನ ನಿನ್ನ ಅತ್ತೆ ಮಾಡಿದ್ದು ನಮ್ಮ ಮನೆಯ ಆಚರಣೆ, ಹುಚ್ಚಲ್ಲ ಎಂದು ಡಾಕ್ಟರಾಗಿ ಬರೆದುಕೊಡು ಎಂದೆ. ಬರೆದುಕೊಟ್ಟ. ಕೋರ್ಟಿಗೂ ಬರುತ್ತೇನೆ ಎಂದ. ಬರಲಿಲ್ಲ, ಆದರೆ ಪತ್ರ ಕೆಲಸಕ್ಕೆ ಬಂತು.

ಎಡಿಸನ್, ಅಡುಗೆಮನೆಯ ಮೇಜು

ವಿಚಾರಣೆಗೆ ನಾಲ್ಕು ದಿನ ಇರುವಾಗ ಡಯಾನ್ ಕಡತದ ಪ್ರತಿ ಕೊಟ್ಟಳು. ತನಗೆ ಪೂರ್ತಿ ಓದಲು ಪುರುಸೊತ್ತಾಗಿಲ್ಲ, ನೀನು ನೋಡಿರು ಎಂದಳು. ಅಷ್ಟು ವಾರಗಳಲ್ಲಿ ನನಗೆ ತಿಳಿದ ಕೆಲಸ ಸಿಕ್ಕಿದ್ದು ಅದೊಂದೇ. ಶಶಿಕಲಾಳ ಮೇಜಿನ ಮೇಲೆ ಹರಡಿಕೊಂಡು, ಪುಟಗಳಿಗೆ ಸಂಖ್ಯೆ ಹಾಕಿ ಓದಿದೆ.

ಕೌಂಟಿಯ ಸಿಬ್ಬಂದಿ ಎರಡು ಸಲ ಮನೆಗೆ ಭೇಟಿ ಕೊಟ್ಟ ವರದಿಗಳಿದ್ದುವು, ಮೊದಲನೆಯದು ಗ್ರಹಣದ ದಿನ ಪೊಲೀಸರು ಕರೆಸಿಕೊಂಡಾಗಿನದು. ಎರಡನೆಯದರಲ್ಲಿ, ವ್ಯಕ್ತಿ ಕತ್ತಲೆ ಕೋಣೆಯಲ್ಲಿ ಅಸ್ತವ್ಯಸ್ತವಾಗಿ ಕೂತಿದ್ದರು, ಪ್ರಶ್ನೆಗಳಿಗೆ ಉತ್ತರಿಸಲಿಲ್ಲ, ಅಡುಗೆಮನೆಯಲ್ಲಿ ಆಹಾರವಿರಲಿಲ್ಲ ಎಂದಿತ್ತು. ಒಂದು ದಿನದ್ದಲ್ಲ, ಮತ್ತೆ ಮತ್ತೆ ಹೀಗಾಗಿದೆ ಎಂದು ಕೋರ್ಟನ್ನು ನಂಬಿಸಿದ್ದು ಇದೇ ಹಾಳೆ. ತಾರೀಖು ನೋಡಿದೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಬಂದೇ ಇರದ ನವೆಂಬರಿನ ದಿನ. ಮುಂದೆ ಆಗುವ ಭೇಟಿಗೆ ಈಗಲೇ ವರದಿ ಬರೆದ ಇವರು ನಮ್ಮವರನ್ನೂ ಮೀರಿಸಿದರಲ್ಲ ಎಂದು ಶಶಿಕಲಾಗೆ ತೋರಿಸಿದೆ. "ಇಲ್ಲೆ ತಿಂಗಳು ಮೊದಲ ಬರೀತಾರ್ರಿ ಆಂಟಿ, ದಿನ ಆಮ್ಯಾಲೆ," ಅಂದಳು. ಹಾಗೆ ತಿರುಗಿಸಿ ಓದಿದಾಗ ಅದು ಏಪ್ರಿಲ್ ಹನ್ನೊಂದು, ಗ್ರಹಣವಾದ ಮೂರನೆಯ ದಿನವಾಯಿತು. ಆ ದಿನ ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ.

ಮೇಜಿನ ಮುಂದೆ ಕೂತೇ ಬರೆದ ವರದಿ ಅದು. ಹಳೆಯದರ ವಾಕ್ಯಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿರುವಿ ಬರೆದದ್ದು. ನನಗೆ ಅದು ಗೊತ್ತಾದದ್ದು ಬುದ್ಧಿವಂತಿಕೆಯಿಂದಲ್ಲ. ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿದ್ದಾಗ, ಒಂದು ಬೇಸಿಗೆಯಲ್ಲಿ, ಪುಟ್ಟಮ್ಮ ಎಂಬ ಮುದುಕಿಯ ಮೇಲೆ ನಾನೂ ಬರೆದಿದ್ದೆ: 'ಸ್ಥಳ ಪರಿಶೀಲನೆ ಮಾಡಲಾಗಿ, ಸದರಿಯವರು ಗ್ರಾಮದಲ್ಲಿ ವಾಸವಿರುವುದಿಲ್ಲ.' ಆ ಹಳ್ಳಿಗೆ ಬಸ್ಸಿರಲಿಲ್ಲ, ಬಿಸಿಲಿತ್ತು, ನಾನು ಹೋಗಲಿಲ್ಲ. ಅವಳ ಪಡಿತರ ಚೀಟಿ ರದ್ದಾಯಿತು. ನಡೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತು, "ನಾನೇ ಕಣವ್ವ ಪುಟ್ಟಮ್ಮ, ಇಲ್ಲೇ ಇವ್ನಿ," ಅಂದಳು. ವಾಸವಿರುವುದಕ್ಕೆ ದೃಢೀಕರಣ ಪತ್ರ ತಾ ಎಂದು ನಾನು ಅವಳನ್ನು ವಾಪಸು ಕಳಿಸಿದೆ.

ಶಶಿಕಲಾ "ಯಾಕ್ರಿ ಆಂಟಿ, ಅಳಾಕತ್ತೀರಿ? ಕೇಸ ಗೆದ್ದಂಗ ಆತಲ್ರಿ," ಅಂದಳು.

ಕೋರ್ಟು

ನ್ಯಾಯಾಧೀಶೆ ವಯಸ್ಸಾದವಳು, ಓದುವ ಕನ್ನಡಕವನ್ನು ಮೂಗಿನ ತುದಿಗಿಟ್ಟುಕೊಂಡವಳು. ಗಾರ್ಡಿಯನ್ನನ ಮುಖವನ್ನು ನಾನು ಮೊದಲು ನೋಡಿದ್ದೂ ಅಲ್ಲೇ. ಕ್ರೂರಿಯಂತೇನೂ ಕಾಣಲಿಲ್ಲ, ನಿದ್ದೆಗೆಟ್ಟವನಂತೆ ಕಂಡ. ಅಕ್ಕನನ್ನು ಕರೆತರದೆ ದೊಡ್ಡ ಪರದೆಯೊಂದರಲ್ಲಿ ತೋರಿಸಿದರು. ಅವಳ ತಲೆ, ಭುಜ, ಹಿಂದೆ ಒಂದು ಬಿಳಿ ಗೋಡೆ.

ಡಯಾನ್ ತಾರೀಖಿನ ವಿಷಯ ಎತ್ತಿದಳು. ನ್ಯಾಯಾಧೀಶೆ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆ ದಿನ ನೀವು ಯಾರನ್ನು ಭೇಟಿ ಮಾಡಿದಿರಿ ಎಂದು ಕೌಂಟಿಯವನನ್ನು ಕೇಳಿದಳು. ಅವನು ಕಾಗದ ತಿರುವಿದ, ಮತ್ತೆ ತಿರುವಿದ. "ಇಟ್ ಮೇ ಬಿ ಎ ಕ್ಲರಿಕಲ್ ಎರರ್, ಯುವರ್ ಆನರ್," ಎಂದ. ಕೈತಪ್ಪು! ಆ ಮಾತಿನ ನೆರಳಿನಲ್ಲಿ ನಾನೂ ಎಷ್ಟು ಮಧ್ಯಾಹ್ನ ತಣ್ಣಗೆ ಕೂತಿದ್ದೇನೆ.

ಆಮೇಲೆ ಅಕ್ಕನನ್ನು ಕೇಳಿದರು: ನೀವು ಯಾಕೆ ಇಲ್ಲಿದ್ದೀರಿ, ಗೊತ್ತೇ?

"ಯೆಸ್," ಎಂದಳು ಅಕ್ಕ. "ಬಿಕಾಸ್ ಐ ಟುಕ್ ಎ ಬಾತ್."

ಯಾರೂ ನಗಲಿಲ್ಲ. ನ್ಯಾಯಾಧೀಶೆ ಕನ್ನಡಕ ತೆಗೆದಳು. ನನ್ನನ್ನು ಕರೆದು ಗ್ರಹಣದ ಬಗ್ಗೆ ಕೇಳಿದಳು. ನನ್ನ ಕಚೇರಿಯ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಮುರಳಿಯ ಪತ್ರ ಓದಿದಳು. ನಾನು ಅಕ್ಕನನ್ನು ಆ ಸಂಜೆಯೇ ಕರೆದುಕೊಂಡು ಹೋಗುವ ಕನಸು ಕಾಣುತ್ತಿದ್ದೆ, ಸುಳ್ಳೇಕೆ ಹೇಳಲಿ. ಸ್ಟೋವಿನ ಮೇಲೆ ಬಿಸಿಬಿಸಿ ಸಾರು ಕೂಡ ಇಟ್ಟಾಗಿತ್ತು ಮನಸ್ಸಿನಲ್ಲಿ.

ಆದೇಶ ಹೀಗಾಯಿತು: ಹೊಸ ಡಾಕ್ಟರಿಂದ ಹೊಸ ಪರೀಕ್ಷೆ. ಹತ್ತು ವಾರದ ನಂತರ ಮುಂದಿನ ವಿಚಾರಣೆ. ಅಲ್ಲಿಯವರೆಗೆ ಮನೆ ಮಾರಕೂಡದು. ಅಲ್ಲಿಯವರೆಗೆ ಅಕ್ಕ ಇದ್ದಲ್ಲೇ ಇರಬೇಕು. ತಂಗಿ ಯಾವಾಗ ಬೇಕಾದರೂ, ಯಾವ ಭಾಷೆಯಲ್ಲಾದರೂ, ಯಾರ ಕಾವಲೂ ಇಲ್ಲದೆ ಮಾತಾಡಬಹುದು. ಒಂದು ಸುಳ್ಳು ಬರೆಯಲು ಬೇಕಾದದ್ದು ಹತ್ತು ನಿಮಿಷ, ಅಳಿಸಲು ಹತ್ತು ವಾರ. ಕೌಂಟಿಯವನಿಗೆ ಏನಾಯಿತು ಎಂದು ಕೇಳಿದೆ. ಅದು ಬೇರೆ ಕಡತ ಎಂದಳು ಡಯಾನ್.

ನನ್ನ ವಾಪಸು ಟಿಕೆಟ್ಟಿಗೆ ಉಳಿದದ್ದು ನಾಲ್ಕೇ ದಿನ. ಶಶಿಕಲಾಳ ಅತ್ತೆ ಮಾವ ಆ ವಾರವೇ ಬರುವವರಿದ್ದರು, ಅವಳ ಮನೆಯಲ್ಲಿ ಇದ್ದದ್ದು ಅದೊಂದೇ ಹೆಚ್ಚಿನ ಕೋಣೆ. ವಿಚಾರಣೆಯ ಹೊತ್ತಿಗೆ ಮತ್ತೆ ಬರುವುದೆಂದು ನಿಶ್ಚಯಿಸಿದೆ.

ಮತ್ತೆ ನರ್ಸಿಂಗ್ ಹೋಮ್

ಮರುದಿನ ಮಧ್ಯಾಹ್ನವೇ ಹೋದೆ. ರೋಸ್ ನಮ್ಮಿಬ್ಬರನ್ನೂ ಕೋಣೆಯಲ್ಲಿ ಕೂರಿಸಿ, ನನ್ನ ಭುಜ ತಟ್ಟಿ, ಬಾಗಿಲು ಎಳೆದುಕೊಂಡು ಹೋದಳು. ನಾನು ಬಂದ ಮೇಲೆ ಮೊದಲ ಸಲ ನಾವಿಬ್ಬರೇ.

ನಾನು ಕಟ್ಟೆಯೊಡೆದಂತೆ ಮಾತಾಡಿದೆ. ಕೋರ್ಟಿನಲ್ಲಿ ಆದದ್ದು, ಮುರಳಿಯ ಉಪ್ಪಿಟ್ಟು, ತಿಪಟೂರಿನ ಸಂತೆ, ತೆಂಗಿನ ನುಸಿ, ಯಾರು ಸತ್ತರು, ಯಾರ ಮಗಳು ಹೆತ್ತಳು, ಎಲ್ಲ. ಗ್ರಹಣದ ದಿನ ಅಷ್ಟು ಒತ್ತಿ ಹೇಳಿದ್ದಕ್ಕೆ ಅವಳ ಕೈ ಹಿಡಿದುಕೊಂಡು "ನನ್ನ ತಪ್ಪು ಕಣಕ್ಕ" ಎಂದೆ. "ಇನ್ನು ಹೆದರಿಕೆ ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ಜಡ್ಜೇ ಹೇಳಿದ್ದಾರೆ," ಎಂದೆ. ಅಕ್ಕ ಕೇಳಿಸಿಕೊಂಡಳು. ನಡುನಡುವೆ ತಲೆಯಾಡಿಸಿದಳು. "ದಟ್ ಈಸ್ ಗುಡ್," ಎಂದಳು. "ದಟ್ ಈಸ್ ವೆರಿ ನೈಸ್," ಎಂದಳು. ಕಣ್ಣು ಮಾತ್ರ ಬಾಗಿಲಿನ ಮೇಲಿತ್ತು.

ಎಷ್ಟೋ ಹೊತ್ತಿನ ಮೇಲೆ ಅವಳು ಕುರ್ಚಿಯ ತುದಿಗೆ ಸರಿದು ಕೂತಳು, ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು, ನನಗೆ ಅಕ್ಷರ ತಿದ್ದಿಸಿದವಳು, ನನ್ನ ಮುಖ ನೋಡಿ ಕೇಳಿದಳು: "ಮೇ ಐ ಗೋ ಟು ದಿ ಬಾತ್‌ರೂಮ್?"

"ಹೋಗಕ್ಕ, ನನ್ನ ಏನು ಕೇಳೋದು," ಎಂದೆ.

ಅವಳು ಏಳಲಿಲ್ಲ. ಹಾಗೆಯೇ ಕೂತು ನನ್ನನ್ನು ನೋಡುತ್ತಿದ್ದಳು.

"ಹೋಗು ಅಕ್ಕ. ಯಾರೂ ಏನೂ ಅನ್ನಲ್ಲ."

ಆಗಲೂ ಏಳಲಿಲ್ಲ. ಅವಳ ಕಾಲು ಸಣ್ಣಗೆ ಅಲುಗುತ್ತಿತ್ತು, ತಡೆಯಲಾಗದೆ. ನಾನು ಕಣ್ಣೊರೆಸಿಕೊಂಡೆ. ಎಷ್ಟೋ ವರ್ಷ ಮೇಜಿನ ಹಿಂದೆ ಕೂತು ಬಳಸಿದ ದನಿಯಲ್ಲಿ "ಯೆಸ್, ಯು ಮೇ," ಎಂದೆ.

ಅಕ್ಕ "ಥ್ಯಾಂಕ್ ಯು" ಎಂದು ಎದ್ದು ಹೋದಳು.